ರೆಕ್ಕೆ ಬಿಟ್ಟು ಮೈ ನೋಡಿ: ಒಂದೇ ತರಹ ಕಾಣುವ ಚಿಟ್ಟೆಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ತೆಂಗಿನ ತೋಟವಿದೆ, ಹಿತ್ತಲಲ್ಲಿ ಕರಿಬೇವು, ನಿಂಬೆ ಗಿಡಗಳಿವೆ. ಇತ್ತೀಚೆಗೆ ಮೊಬೈಲಿನಲ್ಲಿ ಚಿಟ್ಟೆ ಫೋಟೊ ತೆಗೆಯುವ ಹುಚ್ಚು ಹಿಡಿದಿದೆ. ಮೂರು ಫೋಟೊ ಕಳಿಸಿದ್ದೇನೆ. ಮೊದಲನೆಯದು ಕರಿಬೇವಿನ ಮೇಲೆ ಕೂತ ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕಿಗಳಿವೆ. ಮೊಬೈಲ್ ಆ್ಯಪ್ ಅದನ್ನು ಕ್ರಿಮ್ಸನ್ ರೋಸ್ ಎನ್ನುತ್ತದೆ. ಗೆಳೆಯರೊಬ್ಬರು ಅಲ್ಲ, ಕಾಮನ್ ಮಾರ್ಮನ್ ಎನ್ನುತ್ತಾರೆ. ಎರಡನೆಯದು ಹುಲ್ಲಿನಲ್ಲಿ ಕೂತ ಸಣ್ಣ ಹಳದಿ ಚಿಟ್ಟೆ, ಮೂರನೆಯದು ಏಪ್ರಿಲ್‌ನಲ್ಲಿ ತೋಟದ ನೆರಳಲ್ಲಿ ಸಿಕ್ಕ ಕಂದು ಚಿಟ್ಟೆ. ಪುಸ್ತಕ ತೆರೆದರೆ ಒಂದೇ ಪುಟದಲ್ಲಿ ಐದಾರು ಒಂದೇ ತರಹ ಕಾಣುತ್ತವೆ. ನೀವೆಲ್ಲ ಹೊಲದಲ್ಲಿ ನಿಂತಲ್ಲೇ ಹೇಗೆ ಹೆಸರು ಹೇಳುತ್ತೀರಿ?

ಉತ್ತರ: ಮೊದಲ ಫೋಟೊ ವಿಷಯದಲ್ಲಿ ನಿಮ್ಮ ಗೆಳೆಯರೇ ಸರಿ. ಅದು ಕಾಮನ್ ಮಾರ್ಮನ್, ಹೆಣ್ಣು. ಆ್ಯಪ್ ಎಡವಿದ್ದಕ್ಕೆ ಅದನ್ನು ಬೈಯಬೇಡಿ. ಆ ವೇಷಕ್ಕೆ ಹಕ್ಕಿಗಳೇ ಮೋಸ ಹೋಗುತ್ತವೆ.

ಫೋಟೊವನ್ನು ಇನ್ನಷ್ಟು ದೊಡ್ಡದು ಮಾಡಿ, ರೆಕ್ಕೆ ಬಿಟ್ಟು ಮೈ ನೋಡಿ. ತಲೆ, ಎದೆ, ಹೊಟ್ಟೆ ಎಲ್ಲವೂ ಕಪ್ಪು. ಕೆಂಪು ಎಲ್ಲೂ ಇಲ್ಲ. ನಿಜವಾದ ಕ್ರಿಮ್ಸನ್ ರೋಸ್ ಆಗಿದ್ದರೆ ತಲೆ ಕೆಂಪಗಿರುತ್ತಿತ್ತು, ಹೊಟ್ಟೆ ಕೆಂಪಗಿರುತ್ತಿತ್ತು. ಮಬ್ಬು ಕೆಂಪಲ್ಲ, ಹತ್ತು ಅಡಿ ದೂರದಿಂದಲೂ ಕಣ್ಣಿಗೆ ಹೊಡೆಯುವ ಕೆಂಪು. ಇದೊಂದನ್ನು ನೆನಪಿಟ್ಟರೆ ನಿಮ್ಮ ಹಿತ್ತಲಿನ ಅರ್ಧ ಗೊಂದಲ ಮುಗಿಯಿತು: ಮೈ ಕೆಂಪಾದರೆ ರೋಸ್, ಮೈ ಕಪ್ಪಾದರೆ ಮಾರ್ಮನ್.

ಕಾಮನ್ ಮಾರ್ಮನ್ ಗಂಡು ನಿಮಗೆ ಚೆನ್ನಾಗಿ ಪರಿಚಯ ಇರುತ್ತದೆ. ಪೂರ್ತಿ ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕಿಗಳ ಒಂದು ಪಟ್ಟಿ. ಹೆಣ್ಣಿಗೆ ಮಾತ್ರ ನಮ್ಮ ಕಡೆ ಮೂರು ರೂಪ. ಒಂದು ಹೆಚ್ಚುಕಡಿಮೆ ಗಂಡಿನ ಹಾಗೇ ಇರುತ್ತದೆ, ಅದಕ್ಕೆ ಸೈರಸ್ ಎಂದು ಹೆಸರು. ಇನ್ನೊಂದು ಸ್ಟಿಕಿಯಸ್. ಅದು ಕಾಮನ್ ರೋಸ್‌ನ ನಕಲು, ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಲ್ಲಿ ಕೆಂಪು. ಮೂರನೆಯದು ರೊಮ್ಯುಲಸ್, ಕ್ರಿಮ್ಸನ್ ರೋಸ್‌ನ ನಕಲು. ನಿಮ್ಮ ಫೋಟೊದಲ್ಲಿರುವುದು ಈ ಮೂರನೆಯದು. ಮುಂದಿನ ರೆಕ್ಕೆಯಲ್ಲಿ ಮಾಸಲು ಬಿಳಿ ಪಟ್ಟೆ, ಹಿಂದಿನದರಲ್ಲಿ ಕೆಂಪು ಚುಕ್ಕಿ ಇವೆ. ಎಲ್ಲವೂ ಅಸಲಿಗಿಂತ ಸ್ವಲ್ಪ ಮಂಕು.

ಇವು ಎಷ್ಟು ಬೇರೆ ಬೇರೆ ಕಾಣುತ್ತವೆ ಎಂದರೆ ಹಿಂದಿನ ಕಾಲದ ಪಂಡಿತರು ರೊಮ್ಯುಲಸ್ ರೂಪವನ್ನು ಬೇರೆಯೇ ಜಾತಿ ಎಂದು ತಿಳಿದು ಹೆಸರಿಟ್ಟಿದ್ದರು. ಇವೆಲ್ಲ ಒಂದೇ ಚಿಟ್ಟೆಯ ಹೆಣ್ಣುಗಳು ಎಂದು 1865ರಲ್ಲಿ ವಿವರಿಸಿದವರು ಬ್ರಿಟಿಷ್ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್. ಅದಕ್ಕೆ ಮೂರು ವರ್ಷ ಮೊದಲು, 1862ರಲ್ಲಿ, ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ ಈ ನಕಲಿನ ಗುಟ್ಟು ಬಿಡಿಸಿದ್ದರು. ತಿನ್ನಲು ಕೆಟ್ಟ ರುಚಿಯ, ವಿಷದ ಚಿಟ್ಟೆಯ ವೇಷವನ್ನು ವಿಷವಿಲ್ಲದ ಚಿಟ್ಟೆ ಹಾಕಿದರೆ ಹಕ್ಕಿ ಅದನ್ನೂ ಬಿಟ್ಟುಬಿಡುತ್ತದೆ, ಅಷ್ಟೇ. ರೋಸ್‌ಗಳ ಮರಿಹುಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಮಾರ್ಮನ್ ಹುಳು ತಿನ್ನುವುದು ನಿಮ್ಮ ಮನೆಯ ಕರಿಬೇವು, ನಿಂಬೆ. ಒಗ್ಗರಣೆಗೆ ಹಾಕುವ ಸೊಪ್ಪಿನಿಂದ ಯಾವ ವಿಷ ಬರಬೇಕು? 2014ರಲ್ಲಿ ಪ್ರಕಟವಾದ ಸಂಶೋಧನೆ ಇನ್ನೂ ಸ್ವಾರಸ್ಯದ್ದು. ಮಾರ್ಮನ್ ಹೆಣ್ಣು ಯಾವ ವೇಷ ಹಾಕಬೇಕು ಅನ್ನುವುದನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿರ್ಧರಿಸುತ್ತದೆ ಎಂದು ಅದರಲ್ಲಿ ತೋರಿಸಿದರು. ಆ ಕೆಲಸದಲ್ಲಿ ಮುಂದಿದ್ದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಕೃಷ್ಣಮೇಘ ಕುಂಟೆ.

ನಿಮ್ಮ ಫೋಟೊದಲ್ಲಿ ಇನ್ನೊಂದು ಸುಳಿವು ಇದೆ. ಅದು ಹೂವಿನ ಮೇಲಿಲ್ಲ, ಕರಿಬೇವಿನ ಎಳೆ ಚಿಗುರಿನ ಮೇಲಿದೆ. ಹೊಟ್ಟೆಯ ತುದಿಯನ್ನು ಮುಂದಕ್ಕೆ ಬಾಗಿಸಿ ಎಲೆಗೆ ಮುಟ್ಟಿಸಿದೆ. ಅದು ಮೊಟ್ಟೆ ಇಡುತ್ತಿದೆ. ಮುಂದಿನ ಸಲ ಹತ್ತಿರ ನಿಂತು ನೋಡಿ. ಹೆಣ್ಣು ಬಂದು ಎಲೆ ಮೇಲೆ ಕೂತ ತಕ್ಷಣ ಮುಂಗಾಲುಗಳಿಂದ ಪಟಪಟ ಎಂದು ಎಲೆಯನ್ನು ಬಡಿಯುತ್ತದೆ. ಕಾಲಿನಲ್ಲೇ ಅದಕ್ಕೆ ರುಚಿ ಗೊತ್ತಾಗುತ್ತದೆ. ಗಿಡ ತಪ್ಪಾಗಿದ್ದರೆ ಒಂದು ಕ್ಷಣದಲ್ಲಿ ಹಾರಿಹೋಗುತ್ತದೆ. ಸರಿಯಾಗಿದ್ದರೆ ತಿಳಿ ಹಳದಿಯ, ನುಣುಪಾದ, ಗುಂಡನೆಯ ಒಂದೇ ಒಂದು ಮೊಟ್ಟೆ ಇಟ್ಟು ಮುಂದಿನ ಚಿಗುರಿಗೆ ಹೋಗುತ್ತದೆ. ರೋಸ್ ಹೆಣ್ಣು ಕರಿಬೇವಿನ ಮೇಲೆ ಸುಮ್ಮನೆ ಕೂರಬಹುದು, ಆದರೆ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಮೈ ಬಣ್ಣ ನೋಡದೆಯೂ ನಿಮ್ಮ ಫೋಟೊಗೆ ಹೆಸರು ಹೇಳಬಹುದಿತ್ತು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಒಂದೇ ತರಹ ಕಾಣುವ ಚಿಟ್ಟೆಗಳಲ್ಲಿ ಎರಡು ಬಗೆ ಇವೆ. ಕೆಲವು ವೇಷ ಹಾಕಿದವು, ಕೆಲವು ಹತ್ತಿರದ ಸಂಬಂಧಿಕರು. ಎರಡಕ್ಕೂ ಕಣ್ಣು ಇಡುವ ಜಾಗ ಬೇರೆ. ವೇಷ ಹಾಕಿದ್ದರ ರೆಕ್ಕೆಯ ಬಣ್ಣವನ್ನು ನಂಬಬಾರದು. ಅದು ನಕಲು ಮಾಡಿರುವುದೇ ಅದನ್ನು. ನಕಲು ಆಗದೆ ಉಳಿದ ಕಡೆ ನೋಡಬೇಕು: ಮೈ, ಕಾಲು, ಹಾರಾಟ, ಮೊಟ್ಟೆ ಇಡುವ ಗಿಡ. ಊರ ನಾಟಕದಲ್ಲಿ ಎಷ್ಟೇ ಬಣ್ಣ ಬಳಿದು ಕಿರೀಟ ಇಟ್ಟಿದ್ದರೂ ನಡಿಗೆ ನೋಡಿ ಇವನು ಯಾರ ಮನೆ ಹುಡುಗ ಅಂತ ಹೇಳ್ತೀವಲ್ಲ, ಹಾಗೆ. ಸಂಬಂಧಿಕರ ವಿಷಯ ಉಲ್ಟಾ. ಅವುಗಳ ಮೈ, ಹಾರಾಟ, ಗಿಡ ಎಲ್ಲ ಒಂದೇ ತರಹ. ಅಲ್ಲಿ ರೆಕ್ಕೆಯ ಅಡಿಭಾಗದ ಸಾಸಿವೆಯಷ್ಟು ಚುಕ್ಕಿಯೇ ಗತಿ. ಪುಸ್ತಕದಲ್ಲಿ ಈ ಎರಡು ಬಗೆಯೂ ಸಾಲಾಗಿ, ಒಂದೇ ಅಳತೆಯಲ್ಲಿ ಅಚ್ಚಾಗಿರುತ್ತವೆ. ನಿಮಗೆ ಗೊಂದಲ ಆಗುವುದು ಅಲ್ಲೇ.

ವೇಷದವನ್ನು ಇನ್ನೊಂದಿಷ್ಟು ನೋಡೋಣ. ಎಕ್ಕದ ಗಿಡದ ಸುತ್ತ ಹಾರುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ನಿಮ್ಮ ಊರಲ್ಲಿ ಬೇಕಾದಷ್ಟಿದೆ. ಅದೇ ಕಿತ್ತಳೆ, ಆದರೆ ರೆಕ್ಕೆಯ ನರಗಳ ಉದ್ದಕ್ಕೂ ದಪ್ಪ ಕಪ್ಪು ಗೆರೆ ಇದ್ದರೆ ಸ್ಟ್ರೈಪ್ಡ್ ಟೈಗರ್. ಇದು ಸುಲಭ. ಕಷ್ಟ ಇರುವುದು ಡ್ಯಾನಾಯ್ಡ್ ಎಗ್‌ಫ್ಲೈ ಹೆಣ್ಣಿನಲ್ಲಿ. ಪ್ಲೇನ್ ಟೈಗರ್ ಪಕ್ಕದಲ್ಲಿ ಇಟ್ಟರೂ ಮೊದಲ ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಗ ಹಿಂದಿನ ರೆಕ್ಕೆಯ ಕಪ್ಪು ಚುಕ್ಕಿ ಎಣಿಸಿ. ಪ್ಲೇನ್ ಟೈಗರ್‌ಗೆ ರೆಕ್ಕೆಯ ನಡುವೆ ಮೂರು. ಗಂಡಿಗೆ ಅದರ ಜೊತೆ ವಾಸನೆಯ ಚೀಲದ ಗುರುತು ಸೇರಿ ನಾಲ್ಕು. ಎಗ್‌ಫ್ಲೈ ಹೆಣ್ಣಿಗೆ ಮೇಲಂಚಿನ ಹತ್ತಿರ ಒಂದೇ ಒಂದು. ಅದು ಹಾರಾಡುವುದೂ ಎಕ್ಕದ ಹತ್ತಿರ ಅಲ್ಲ, ನೆಲಕ್ಕೆ ಅಂಟಿಕೊಂಡು ಬೆಳೆಯುವ ಗೋಣಿಸೊಪ್ಪಿನ ಸುತ್ತ. ಇದರ ಗಂಡನ್ನು ನೋಡಿದರೆ ಇವೆರಡು ಜೋಡಿ ಎಂದು ಯಾರೂ ನಂಬುವುದಿಲ್ಲ. ಕಡುಗಪ್ಪು ರೆಕ್ಕೆ, ಅದರಲ್ಲಿ ದೊಡ್ಡ ಬಿಳಿ ಮಚ್ಚೆಗಳು, ಬಿಸಿಲು ಬಿದ್ದರೆ ಮಚ್ಚೆಯ ಸುತ್ತ ನೇರಳೆ ಹೊಳಪು.

ಬ್ಲೂ ಟೈಗರ್‌ಗೂ ಒಂದು ನಕಲು ಇದೆ, ಕಾಮನ್ ಮೈಮ್. ಈ ಮೈಮ್‌ಗೆ ಎರಡು ವೇಷ. ಒಂದು ರೂಪ ಬ್ಲೂ ಟೈಗರ್ ಹಾಗೆ ಪಟ್ಟೆ ಪಟ್ಟೆ, ಇನ್ನೊಂದು ಕಾಮನ್ ಕ್ರೋ ಹಾಗೆ ಕಂದುಗಪ್ಪು. ಇಲ್ಲಿ ಮೈ ನೋಡಿ ಪ್ರಯೋಜನ ಇಲ್ಲ. ಮೈಮ್ ಮೈಮೇಲಿನ ಬಿಳಿ ಚುಕ್ಕಿಗಳನ್ನೂ ಬಿಡದೆ ನಕಲು ಮಾಡಿದೆ. ಹಾಗಾದರೆ ಎಲ್ಲಿ ನೋಡಬೇಕು? ಹಿಂದಿನ ರೆಕ್ಕೆಯ ಅಂಚಿನಲ್ಲಿ. ಅಲ್ಲಿ ಹಳದಿ ಚುಕ್ಕಿಗಳ ಸಾಲು ಇದ್ದರೆ ಮೈಮ್. ಟೈಗರ್‌ಗೂ ಕ್ರೋಗೂ ಹಳದಿ ಇಲ್ಲ. ಕೂತಿದ್ದರೆ ಇನ್ನೂ ಒಂದು ಪರೀಕ್ಷೆ ಮಾಡಬಹುದು, ನನಗೆ ಇದೇ ಹೆಚ್ಚು ಇಷ್ಟ: ಕಾಲು ಎಣಿಸುವುದು. ಟೈಗರ್, ಕ್ರೋ, ಎಗ್‌ಫ್ಲೈ ಎಲ್ಲ ನಿಂಫಾಲಿಡೇ ಕುಟುಂಬದವು. ಅವುಗಳ ಮುಂದಿನ ಜೋಡಿ ಕಾಲು ಕುಗ್ಗಿ ಎದೆಗೆ ಅಂಟಿಕೊಂಡಿರುತ್ತದೆ, ನಿಲ್ಲುವುದು ನಾಲ್ಕೇ ಕಾಲಿನ ಮೇಲೆ. ಮೈಮ್ ಮಾರ್ಮನ್‌ನ ಬಂಧು, ಪ್ಯಾಪಿಲಿಯೊನಿಡೇ ಕುಟುಂಬದ್ದು. ಅದು ಆರೂ ಕಾಲು ಊರಿ ನಿಲ್ಲುತ್ತದೆ. ರೆಕ್ಕೆ ಹರಿದು ಬಣ್ಣದ ಪುಡಿ ಉದುರಿಹೋದ ಮುದಿ ಚಿಟ್ಟೆಯಲ್ಲೂ ಈ ಲೆಕ್ಕ ತಪ್ಪುವುದಿಲ್ಲ.

ಮಲೆನಾಡಿನ ಕಡೆ ಹೋದರೆ ಇನ್ನೊಂದು ಜೋಡಿ ಸಿಗುತ್ತದೆ. ಕಾಮನ್ ಜೆಜೆಬೆಲ್ ನಿಮ್ಮಲ್ಲೂ ಇದೆ. ಅಡಿಭಾಗ ಹಳದಿ, ಕಪ್ಪು ನರಗಳು, ಅಂಚಿನಲ್ಲಿ ಕೆಂಪು. ಮಾವಿನ ಮರದ ಬಂದಳಿಕೆ ಸುತ್ತ ಎತ್ತರದಲ್ಲಿ ನಿಧಾನವಾಗಿ ತೇಲುತ್ತಿರುತ್ತದೆ, ಅದರ ಮರಿಹುಳು ಬೆಳೆಯುವುದು ಬಂದಳಿಕೆಯಲ್ಲೇ. ಪೇಂಟೆಡ್ ಸಾಟೂತ್ ಅದರ ಪ್ರತಿರೂಪ. ವ್ಯತ್ಯಾಸ ಅಂಚಿನ ಕೆಂಪು ಗುರುತಿನಲ್ಲಿದೆ. ಜೆಜೆಬೆಲ್‌ನದು ಒಳಗಡೆಗೆ ಚೂಪಾಗಿ ಬಾಣದ ತಲೆಯ ಹಾಗೆ, ಸಾಟೂತ್‌ನದು ಚೌಕಚೌಕ. ಇನ್ನು ಹಾರಾಟ. ಜೆಜೆಬೆಲ್‌ಗೆ ಯಾವ ಅವಸರವೂ ಇಲ್ಲ. ಸಾಟೂತ್ ಕಣ್ಣು ಮಿಟುಕಿಸುವುದರೊಳಗೆ ಮಾಯ. ತಿಪಟೂರಿನಲ್ಲಿ ಕಂಡರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಜೆಜೆಬೆಲ್ ಎಂದು ಬರೆದುಕೊಳ್ಳಿ. ಸಾಟೂತ್ ಘಟ್ಟದ ಕಾಡಿನ ಚಿಟ್ಟೆ.

ಈ ಊರಿನ ಲೆಕ್ಕಾಚಾರವನ್ನು ಹೊಸಬರು ಅಷ್ಟಾಗಿ ಬಳಸುವುದಿಲ್ಲ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಜಾಸ್ತಿ ಜಾತಿಯ ಚಿಟ್ಟೆಗಳಿವೆ. ನಿಮ್ಮ ತೋಟ, ಹೊಲ, ಕೆರೆ ಏರಿಯಲ್ಲಿ ಅಷ್ಟೊಂದು ಇರುವುದಿಲ್ಲ. ಪುಸ್ತಕದ ಪುಟದಲ್ಲಿರುವ ಐದಾರರಲ್ಲಿ ನಿಮ್ಮ ಊರಲ್ಲಿ ಇರಲು ಸಾಧ್ಯವೇ ಇಲ್ಲದ ಮೂರನ್ನು ಮೊದಲೇ ಹೊಡೆದುಹಾಕಿ. ಆಮೇಲೆ ಉಳಿದದ್ದರ ಚುಕ್ಕಿ ಎಣಿಸಿ. ಚಿಟ್ಟೆ ನೋಡುವವರು ಹೊಲದಲ್ಲಿ ನಿಂತಲ್ಲೇ ಹೆಸರು ಹೇಳುತ್ತಾರೆ ಅಂತ ನೀವು ಬರೆದಿದ್ದೀರಿ. ಅದರಲ್ಲಿ ಅರ್ಧ ಕಣ್ಣಿನ ಕೆಲಸ, ಅರ್ಧ ಈ ಹೊಡೆದುಹಾಕುವ ಕೆಲಸ.

ನಿಮ್ಮ ಕಡೆ ನೋಡಲೇಬೇಕಾದ ಇನ್ನೊಂದು ಸಂಗತಿ ಇದೆ. ಮುಂಗಾರಿಗೆ ಸ್ವಲ್ಪ ಮುಂಚೆ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್-ಬ್ರ್ಯಾಂಡೆಡ್ ಕ್ರೋ ಈ ನಾಲ್ಕೂ ಸೇರಿಕೊಂಡು ಘಟ್ಟದಿಂದ ಪೂರ್ವದ ಬಯಲಿಗೆ ವಲಸೆ ಬರುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ವಾಪಸ್ ಹೋಗುತ್ತವೆ. ಹಾರುತ್ತಿರುವಾಗ ಇವುಗಳಿಗೆ ಹೆಸರು ಹೇಳಲು ಹೋಗಬೇಡಿ, ಸುಮ್ನೆ ಕಣ್ಣು ನೋವು. ಕೂರುವ ಜಾಗ ಹುಡುಕಿ. ಕಾಯಿ ಒಣಗಿದರೆ ಗಲಗಲ ಎನ್ನುವ ಕ್ರೊಟಲೇರಿಯಾ ಗಿಡ ಇದೆಯಲ್ಲ, ಅದು ಸಿಕ್ಕರೆ ನಿಮ್ಮ ಅದೃಷ್ಟ. ಗಂಡು ಚಿಟ್ಟೆಗಳು ಹತ್ತಾರು ಒಟ್ಟಿಗೆ ಅದಕ್ಕೆ ಮುತ್ತಿಕೊಂಡು ಗಾಯವಾದ ಎಲೆ, ಕಾಯಿಗಳಿಂದ ರಸ ಹೀರುತ್ತಿರುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಅವಕ್ಕೆ ಆ ಗಿಡದ ರಾಸಾಯನಿಕ ಬೇಕು. ಆಗ ಅವು ಅಷ್ಟು ಬೇಗ ಏಳುವುದಿಲ್ಲ. ನೀವು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಬಹುದು.

ಬ್ಲೂ ಟೈಗರ್‌ನ ನೀಲಿ ಪಟ್ಟೆ ಅಗಲ, ತಿಳಿ. ಡಾರ್ಕ್ ಬ್ಲೂ ಟೈಗರ್‌ನ ಪಟ್ಟೆ ಕಿರಿದು, ನಡುವಿನ ಕಪ್ಪು ಜಾಸ್ತಿ. ಎರಡೂ ಅಕ್ಕಪಕ್ಕ ಇದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಒಂಟಿಯಾಗಿ ಸಿಕ್ಕರೆ ಮೊದಮೊದಲು ಅನುಮಾನ ಬರುತ್ತದೆ. ಪಟ್ಟೆಯಲ್ಲಿ ನೀಲಿಯೇ ಇಲ್ಲದೆ ಬೂದುಬಿಳಿ ಇದ್ದು, ಆಚೆಯ ಎಲೆ ಮಸುಕಾಗಿ ಕಾಣುವಷ್ಟು ರೆಕ್ಕೆ ತೆಳುವಾಗಿದ್ದರೆ ಅದು ಗ್ಲಾಸಿ ಟೈಗರ್. ಕ್ರೋಗಳಲ್ಲಿ ಗಂಡಿನ ಮುಂದಿನ ರೆಕ್ಕೆಯ ಮೇಲ್ಭಾಗ ಕಾಣಬೇಕು. ಅಲ್ಲಿ ವಾಸನೆಯ ಪುಡಿ ತುಂಬಿದ ಗೀರು ಇರುತ್ತದೆ, ಅದಕ್ಕೆ ಬ್ರ್ಯಾಂಡ್ ಅನ್ನುತ್ತಾರೆ. ಒಂದು ಗೀರಿದ್ದರೆ ಕಾಮನ್ ಕ್ರೋ, ಜೋಡಿ ಗೀರಿದ್ದರೆ ಡಬಲ್-ಬ್ರ್ಯಾಂಡೆಡ್. ಇವು ರೆಕ್ಕೆ ಮುಚ್ಚಿ ಕೂರುವುದೇ ಹೆಚ್ಚು. ಬೆಳಗಿನ ಎಳೆಬಿಸಿಲಿಗೆ ಮೈ ಕಾಯಿಸಲು ರೆಕ್ಕೆ ಬಿಚ್ಚಿದಾಗ ಹಿಡಿಯಬೇಕು. ಹೆಣ್ಣು ಕ್ರೋ ಸಿಕ್ಕರೆ ನಾನು ‘ಕ್ರೋ’ ಎಂದಷ್ಟೇ ಬರೆದು ಮುಂದೆ ಹೋಗುವುದುಂಟು.

ಇನ್ನು ಸಂಬಂಧಿಕರ ಸರದಿ, ಅಂದರೆ ನಿಮ್ಮ ಎರಡನೇ ಫೋಟೊ. ಹಳದಿ ಚಿಟ್ಟೆ ಕಂಡಾಗ ಮೊದಲು ಗಾತ್ರ ನೋಡಿ. ದೊಡ್ಡದಾಗಿದ್ದು, ಎತ್ತರದಲ್ಲಿ ಬಿರುಸಾಗಿ ಎಲ್ಲಿಗೋ ಹೊರಟಿರುವ ಹಾಗೆ ಹಾರಿದರೆ ಅದು ಎಮಿಗ್ರಂಟ್. ಕಕ್ಕೆ ಮರದ ಚಿಗುರಿನ ಸುತ್ತ ಹಿಂಡುಹಿಂಡಾಗಿ ಕಾಣುವುದು ಹೆಚ್ಚಾಗಿ ಕಾಮನ್ ಎಮಿಗ್ರಂಟ್. ಮಾಟಲ್ಡ್ ಎಮಿಗ್ರಂಟ್‌ಗೆ ರೆಕ್ಕೆಯ ಅಡಿಯಲ್ಲಿ ತುಂಬಾ ಸಣ್ಣ ಗೀರುಗಳು ಒತ್ತಾಗಿರುತ್ತವೆ, ಕಾಮನ್‌ನ ಅಡಿಭಾಗ ನುಣುಪು. ಕಾಮನ್ ಎಮಿಗ್ರಂಟ್‌ನಲ್ಲೇ ಒಂದು ರೂಪಕ್ಕೆ ಮೀಸೆ ಕೆಂಪು, ಇನ್ನೊಂದಕ್ಕೆ ಕಪ್ಪು. ಹಾಗಾಗಿ ಮೀಸೆಯ ಬಣ್ಣ ಬೇರೆಯಾಯಿತು ಎಂದು ಎರಡು ಜಾತಿ ಮಾಡಬೇಡಿ.

ನಿಮ್ಮದು ಎಮಿಗ್ರಂಟ್ ಅಲ್ಲ. ಸಣ್ಣದು, ನೆಲದ ಹತ್ತಿರವೇ ಸುಳಿದಾಡುವುದು, ಗ್ರಾಸ್ ಯೆಲ್ಲೋ. ಈ ಗುಂಪಿಗೆ ಯೂರೆಮಾ ಎಂದು ಹೆಸರು. ರೆಕ್ಕೆಯ ಮೇಲ್ಭಾಗದ ಕಪ್ಪು ಅಂಚು ನೋಡಿ ಇವುಗಳನ್ನು ಬೇರೆ ಮಾಡಲು ಹೋದರೆ ಸೋಲು ಖಚಿತ. ಅದು ಮಳೆಗಾಲಕ್ಕೊಂದು ತರಹ, ಬೇಸಿಗೆಗೊಂದು ತರಹ. ಹೇಗೂ ಇವು ಕೂತಾಗ ರೆಕ್ಕೆ ಮುಚ್ಚಿಯೇ ಕೂರುತ್ತವೆ. ಆದ್ದರಿಂದ ಅಡಿಭಾಗವೇ ನಮಗೆ ಸಿಗುವುದು, ಅದೇ ಬೇಕಾದದ್ದೂ ಹೌದು.

ಮುಂದಿನ ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳ ಮಧ್ಯೆ ಒಂದು ಉದ್ದನೆಯ ಖಾಲಿ ಜಾಗ ಇರುತ್ತದೆ. ಇದಕ್ಕೆ ಸೆಲ್ ಎನ್ನುತ್ತಾರೆ. ಅದರ ಕೊನೆಯಲ್ಲಿ ಒಂದು ದೊಡ್ಡ ಗುರುತು ಇರುತ್ತದೆ, ಅದು ನಮ್ಮ ಲೆಕ್ಕಕ್ಕಿಲ್ಲ. ಅದಕ್ಕಿಂತ ಒಳಗೆ, ಬುಡದ ಕಡೆ ಇರುವ ಸಣ್ಣ ಚುಕ್ಕಿಗಳನ್ನು ಎಣಿಸಿ. ಎರಡಿದ್ದರೆ ಕಾಮನ್ ಗ್ರಾಸ್ ಯೆಲ್ಲೋ, ಮೂರಿದ್ದರೆ ತ್ರೀ-ಸ್ಪಾಟ್, ಒಂದೇ ಇದ್ದರೆ ಒನ್-ಸ್ಪಾಟ್. ಒನ್-ಸ್ಪಾಟ್ ಕಾಡಿನದು, ನಿಮ್ಮಲ್ಲಿ ನಿರೀಕ್ಷೆ ಬೇಡ. ಒಂದೂ ಇಲ್ಲದಿದ್ದರೆ ಸ್ಪಾಟ್‌ಲೆಸ್ ಅಥವಾ ಸ್ಮಾಲ್. ಇವೆರಡರಲ್ಲಿ ಬೇಸಿಗೆಯ ಸ್ಪಾಟ್‌ಲೆಸ್‌ಗೆ ಮುಂದಿನ ರೆಕ್ಕೆಯ ತುದಿ ಕತ್ತರಿಸಿದ ಹಾಗೆ ಮೂಲೆ ಮೂಲೆಯಾಗಿರುತ್ತದೆ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಎರಡು ಗೆರೆ ಕಾಣುತ್ತವೆ. ಸ್ಮಾಲ್‌ನ ರೆಕ್ಕೆ ದುಂಡು, ಬೇಸಿಗೆಯಲ್ಲಿ ಅಂಚಿಗೆ ಗುಲಾಬಿ ಬಣ್ಣ ಬರುತ್ತದೆ. ನಿಮ್ಮ ಫೋಟೊದಲ್ಲಿ ಸೆಲ್ ಒಳಗೆ ಎರಡು ಚುಕ್ಕಿ ಸ್ಪಷ್ಟವಾಗಿವೆ. ಅದು ಕಾಮನ್ ಗ್ರಾಸ್ ಯೆಲ್ಲೋ.

ಚುಕ್ಕಿ ಮಸುಕಾಗಿದ್ದು ಅನುಮಾನ ಉಳಿದರೆ ಮರಿಗಳನ್ನು ಹುಡುಕಬಹುದು. ಕಾಮನ್ ಗ್ರಾಸ್ ಯೆಲ್ಲೋ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ, ಅದರ ಹುಳುವಿನ ತಲೆ ಹಸಿರು. ತ್ರೀ-ಸ್ಪಾಟ್ ಗುಂಪಾಗಿ ಇಡುತ್ತದೆ, ಹುಳುಗಳೂ ಒಟ್ಟಿಗೇ ಮೇಯುತ್ತವೆ, ತಲೆ ಕಪ್ಪು. ತಗಚೆ ಗಿಡದ ಮೇಲೆ ಒಂಟಿ ಹಸಿರು ಹುಳು ಕಂಡರೆ, ಸುತ್ತ ಹಾರುತ್ತಿರುವ ಹಳದಿ ಯಾರು ಎಂದು ಊಹಿಸುವುದು ಕಷ್ಟವಲ್ಲ. ಈ ಸಾಕ್ಷಿ ರೆಕ್ಕೆಯ ಚುಕ್ಕಿಗಿಂತ ಗಟ್ಟಿ ಎನ್ನುವುದು ನನ್ನ ಅಭಿಪ್ರಾಯ. ಆದರೆ ಫೋಟೊದ ಗಡಿಬಿಡಿಯಲ್ಲಿ ಎಲೆ ಮಗುಚಿ ನೋಡುವವರು ಕಡಿಮೆ.

ಹುಲ್ಲಿನ ಮೇಲೆ ಹಾರುವ ಬೆರಳುಗುರು ಗಾತ್ರದ ನೀಲಿಗಳನ್ನು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳೇ ಕೇಳುತ್ತೀರಿ. ಇವು ಗ್ರಾಸ್ ಬ್ಲೂಗಳು. ಅಲ್ಲೂ ಮುಂದಿನ ರೆಕ್ಕೆಯ ಅಡಿಯ ಸೆಲ್ಲನ್ನೇ ನೋಡಿ. ಪೇಲ್ ಮತ್ತು ಡಾರ್ಕ್ ಗ್ರಾಸ್ ಬ್ಲೂಗಳಿಗೆ ಸೆಲ್ ಒಳಗೆ ಒಂದು ಚುಕ್ಕಿ ಇರುತ್ತದೆ, ಲೆಸ್ಸರ್‌ಗೆ ಇರುವುದಿಲ್ಲ. ಟೈನಿ ಗ್ರಾಸ್ ಬ್ಲೂಗೆ ಆ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಪುಟ್ಟ ಚುಕ್ಕಿಗಳು ಇರುತ್ತವೆ. ಅದು ರೆಕ್ಕೆ ಬಿಚ್ಚಿದರೂ 2 ಸೆಂಟಿಮೀಟರ್ ಆಸುಪಾಸು. ಮೂರೆಲೆಯ ಪುಲ್ಲಂಪುರಚಿ ಸೊಪ್ಪಿನ ಮೇಲೆ ಮೊಟ್ಟೆ ಇಡುತ್ತಿದ್ದರೆ ಪೇಲ್ ಗ್ರಾಸ್ ಬ್ಲೂ ಎನ್ನಿ. ಬರಿಗಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ಮೊದಲು ಫೋಟೊ, ಆಮೇಲೆ ಹೆಸರು.

ಫೋಟೊ ಎಂದೆನಲ್ಲ, ನಿಮ್ಮ ಚಿತ್ರಗಳು ಚೆನ್ನಾಗಿವೆ, ಆದರೆ ಎಲ್ಲವೂ ಸ್ವಲ್ಪ ಮೇಲಿನಿಂದ, ಓರೆಯಾಗಿ ತೆಗೆದವು. ಮೊಬೈಲನ್ನು ಚಿಟ್ಟೆಯ ಮಟ್ಟಕ್ಕೆ ಇಳಿಸಿ, ಮುಚ್ಚಿದ ರೆಕ್ಕೆಗೆ ನೇರವಾಗಿ ಹಿಡಿದು ಒಂದು ತೆಗೆಯಿರಿ. ಓರೆಯಾದರೆ ಅರ್ಧ ಚುಕ್ಕಿ ಮಸುಕಾಗುತ್ತವೆ. ರೆಕ್ಕೆ ಬಿಚ್ಚಿದರೆ ಮೇಲಿನಿಂದ ಇನ್ನೊಂದು. ಅದು ಕೂತ ಗಿಡದ ಎಲೆ ಗುರುತಾಗುವ ಹಾಗೆ ದೂರದಿಂದ ಮತ್ತೊಂದು. ದೂರದಿಂದಲೇ ಶುರುಮಾಡಿ ತೆಗೆಯುತ್ತಾ ಹತ್ತಿರ ಹೋಗಿ, ಏಕೆಂದರೆ ಮೊದಲೇ ಹತ್ತಿರ ಹೋದರೆ ಒಂದೂ ಸಿಗುವುದಿಲ್ಲ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಅವು ಬಿಸಿಲು ಕಾಯುತ್ತವೆ, ಅದೇ ಒಳ್ಳೆ ಹೊತ್ತು. ಹಿಡಿದು ನೋಡುವ ಅಭ್ಯಾಸ ಬೇಡ. ಬೆರಳಿಗೆ ಹತ್ತುವ ಪುಡಿ ರೆಕ್ಕೆಯ ಬಣ್ಣವೇ, ಉದುರಿದ್ದು ಮತ್ತೆ ಬರುವುದಿಲ್ಲ.

ಹಳ್ಳದ ಬದಿಯ ಒದ್ದೆ ಮರಳಲ್ಲಿ ಚಿಟ್ಟೆಗಳು ಗುಂಪುಗೂಡಿ ನೀರು ಹೀರುವುದನ್ನು ನೋಡಿರುತ್ತೀರಿ. ಹೀಗೆ ಕೂರುವವು ಬಹುಪಾಲು ಗಂಡುಗಳು, ಮಣ್ಣಿನ ಉಪ್ಪಿಗಾಗಿ ಬಂದವು. ಅಡಿಭಾಗದ ಫೋಟೊಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಮಾರ್ಮನ್‌ನಂಥವುಗಳಲ್ಲಿ ವೇಷ ಹಾಕುವುದು ಹೆಣ್ಣು ಮಾತ್ರ. ಅದನ್ನು ಹುಡುಕಿಕೊಂಡು ಮರಳಿಗೆ ಹೋದರೆ ಬರಿಗೈ. ಹೆಣ್ಣು ಬೇಕಾದರೆ ಗಿಡದ ಹತ್ತಿರ ಕಾಯಬೇಕು.

ಆ್ಯಪ್ ಬಿಡಬೇಕಿಲ್ಲ. ಅದು ಕೊಡುವ ಮೊದಲ ಹೆಸರನ್ನು ತೀರ್ಪು ಎಂದು ತಿಳಿಯದೆ, ಕೆಳಗೆ ಕೊಡುವ ಇನ್ನೆರಡು ಮೂರು ಹೆಸರುಗಳನ್ನೂ ನೋಡಿ. ನಿಮ್ಮ ಕಪ್ಪು ಚಿಟ್ಟೆಯ ಪಟ್ಟಿಯಲ್ಲಿ ಎರಡನೆಯ ಹೆಸರು ಕಾಮನ್ ಮಾರ್ಮನ್ ಇದ್ದಿದ್ದರೆ ಆಶ್ಚರ್ಯವಿಲ್ಲ. ಆ ಎರಡು ಹೆಸರಿನ ಮಧ್ಯೆ ವ್ಯತ್ಯಾಸ ಏನು ಎಂದು ಹುಡುಕಿ, ನಿಮ್ಮ ಫೋಟೊದಲ್ಲಿ ಆ ಜಾಗ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಗುಂಪಿನ ಹೆಸರಷ್ಟೇ ಬರೆಯಿರಿ. ‘ಯೂರೆಮಾ, ಜಾತಿ ಗೊತ್ತಿಲ್ಲ’ ಎಂದು ಬರೆದ ದಾಖಲೆ, ಊಹೆ ಮಾಡಿ ತುಂಬಿದ ಹೆಸರಿಗಿಂತ ಎಷ್ಟೋ ಉಪಯೋಗದ್ದು.

ಹೀಗೆ ನಿಲ್ಲಿಸಬೇಕಾದ್ದೇ ನಿಮ್ಮ ಮೂರನೇ ಫೋಟೊ. ತೋಟದ ನೆರಳಿನ ಕಂದು ಚಿಟ್ಟೆಗಳಲ್ಲಿ ಸುಲಭದವು ರಿಂಗ್‌ಗಳು. ಅವುಗಳ ಹಿಂದಿನ ರೆಕ್ಕೆಯ ಅಡಿಯಲ್ಲಿ ಹಳದಿ ಬಳೆಯ, ಕಣ್ಣಿನಂಥ ಗುರುತುಗಳಿರುತ್ತವೆ, ಅವನ್ನು ಕಣ್ಣು ಎಂದೇ ಕರೆಯುತ್ತೇವೆ. ಮೇಲ್ತುದಿಯಲ್ಲಿ ಒಂದು, ಕೆಳಗೆ ಮೂರು ಇದ್ದರೆ ಕಾಮನ್ ಫೋರ್‌ರಿಂಗ್. ಹಾಗೇ ಇದ್ದು ಹಿಂದಿನ ರೆಕ್ಕೆಯ ಹೊರ ಅರ್ಧ ಬಿಳಿಯಾಗಿದ್ದರೆ ವೈಟ್ ಫೋರ್‌ರಿಂಗ್. ಕಾಮನ್ ಫೈವ್‌ರಿಂಗ್‌ನಲ್ಲಿ ಎಣಿಸಿದರೆ ಆರು ಸಿಗುತ್ತವೆ. ಕೊನೆಯ ಎರಡು ಪುಟ್ಟವು ಅಂಟಿಕೊಂಡಿರುವುದರಿಂದ ಅದನ್ನು ಒಂದೇ ಎಂದು ಲೆಕ್ಕ ಹಿಡಿದಿದ್ದಾರೆ, ಹೆಸರಿಟ್ಟವರ ಇಷ್ಟ. ನಿಮ್ಮದು ಈ ಗುಂಪು ಅಲ್ಲ, ಬುಷ್‌ಬ್ರೌನ್. ಬುಷ್‌ಬ್ರೌನ್‌ಗಳಲ್ಲಿ ಜಾತಿ ಹೇಳಲು ಹಿಂದಿನ ರೆಕ್ಕೆಯ ಅಡಿಯ ಕಣ್ಣುಗಳು ಎಷ್ಟು, ಹೇಗೆ ಸಾಲಾಗಿವೆ ಎಂದು ನೋಡಬೇಕು. ನೀವು ಫೋಟೊ ತೆಗೆದದ್ದು ಏಪ್ರಿಲ್‌ನಲ್ಲಿ. ಬೇಸಿಗೆ ರೂಪದಲ್ಲಿ ಆ ಕಣ್ಣುಗಳು ಕುಗ್ಗಿ ಬರೀ ಚುಕ್ಕಿಯಾಗಿರುತ್ತವೆ, ಕೆಲವೊಮ್ಮೆ ಪೂರ್ತಿ ಮಾಯ. ಒಣ ತರಗೆಲೆಯ ಮಧ್ಯೆ ಕಣ್ಣಿಗೆ ಬೀಳದೆ ಬದುಕಲು ಹಾಗೆ. ನಿಮ್ಮ ಚಿತ್ರದಲ್ಲಿ ಎರಡು ಚುಕ್ಕಿ ಬಿಟ್ಟರೆ ಏನೂ ಉಳಿದಿಲ್ಲ. ಮಳೆ ಹಿಡಿದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ಅದರ ಮಕ್ಕಳೋ ಮೊಮ್ಮಕ್ಕಳೋ ಹಾರುತ್ತಿರುತ್ತವೆ, ಅವಕ್ಕೆ ಕಣ್ಣುಗಳು ದೊಡ್ಡದಾಗಿ ಮೂಡಿರುತ್ತವೆ. ಆಗ ರೆಕ್ಕೆ ಮುಚ್ಚಿ ಕೂತಿರುವಾಗ ಪಕ್ಕದಿಂದ ಒಂದು ಫೋಟೊ ತೆಗೆದು ಕಳಿಸಿ, ಹೆಸರು ಹೇಳುತ್ತೇನೆ.